ಎಫ್‌ಸಿಗೆ ಅಣಿಯಾಗುವ ಹಳೆಯ ಲಾರಿ

ಲಾರಿ ಮಾಲೀಕರ ಮತ್ತು ಚಾಲಕರ ಬಾಯಲ್ಲಿ ‘ಎಫ್‌ಸಿ’ ಎಂದೇ ಬಳಕೆಯಲ್ಲಿರುವ ಅರ್ಹತಾ ಪತ್ರವು, ಸಾರಿಗೆ ವಾಹನವೊಂದು ರಸ್ತೆಗಿಳಿಯಲು ಯೋಗ್ಯ ಸ್ಥಿತಿಯಲ್ಲಿದೆ ಎಂಬುದಕ್ಕೆ ಸರಕಾರ ನೀಡುವ ದಾಖಲೆ. 1988ರ ಮೋಟಾರು ವಾಹನಗಳ ಕಾಯಿದೆಯ 56ನೆಯ ಕಲಮಿನಂತೆ ಈ ಪತ್ರವಿಲ್ಲದ ಸಾರಿಗೆ ವಾಹನದ ನೋಂದಣಿಯೇ ಊರ್ಜಿತವೆನಿಸುವುದಿಲ್ಲ. ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಪತ್ರವನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿದರೆ ಸಾಕು. ಆಮೇಲೆ ವರ್ಷ ವರ್ಷವೂ ಪರೀಕ್ಷೆ ತಪ್ಪಿದ್ದಲ್ಲ. ಆರ್‌ಟಿಒ ಅಂಗಳದಲ್ಲಿ ನಡೆಯುವ ಆ ಪರೀಕ್ಷೆ ಬೇಗನೆ ಮುಗಿದುಹೋಗುತ್ತದೆ. ಆದರೆ ಅದಕ್ಕೆ ಮುಂಚೆ ಗ್ಯಾರೇಜಿನಲ್ಲಿ ನಡೆಯುವ ಸಿದ್ಧತೆಯಿದೆಯಲ್ಲ, ಬಾಡಿಗೆಯ ಬೆನ್ನುಹತ್ತಿ ಓಡುತ್ತಲೇ ಇರುವ ಲಾರಿಯೊಂದು ಅಡಿಯಿಂದ ಮುಡಿಯವರೆಗೆ ಕೈಗೆ ಸಿಗುವ ಆ ನಾಲ್ಕಾರು ದಿನಗಳು, ಕಸುಬನ್ನು ಬಲ್ಲವರ ಪಾಲಿಗೆ ಕಾಟವೆನಿಸದೆ ಸವಿಯಾಗಿಯೇ ಕಾಣುತ್ತವೆ.

ಈ ಸಿದ್ಧತೆಯ ಜಾಣ್ಮೆಯಿರುವುದು ಮುಪ್ಪನ್ನೂ ಸಡಿಲನ್ನೂ ಬೇರೆ ಬೇರೆಯಾಗಿ ಗುರುತಿಸುವುದರಲ್ಲಿ. ಸುಮಾರು 16 ಟನ್ ಒಟ್ಟು ತೂಕ ಮತ್ತು 130ರ ಆಸುಪಾಸಿನ ಅಶ್ವಶಕ್ತಿಯನ್ನು ತನ್ನ ಹೆಸರಿನಲ್ಲಿಯೇ ಹೊತ್ತಿರುವ, ಆರು ಚಕ್ರದ ಟಾಟಾ 1613ರಂಥ ಹಳೆಯ ಲಾರಿಯನ್ನು ತೆಗೆದುಕೊಂಡರೆ, ಅದರ ಬಾನೆಟ್ಟು ಮಾಸಿರುವುದು, ಸೀಟಿನ ರೆಗ್ಸಿನ್ ಹರಿದಿರುವುದು, ಬಾಗಿಲು ಮುಚ್ಚುವಾಗ ಕಿರುಗುಟ್ಟುವುದು ಇವೆಲ್ಲ ವಯಸ್ಸಿನ ಲಕ್ಷಣಗಳೇ ಹೊರತು ಅಪಾಯದ ಸೂಚನೆಗಳಲ್ಲ. ಹೊಸ ಬಣ್ಣದಡಿ ಅಡಗಿ ಕುಳಿತ ಸಡಿಲು ಮಾತ್ರ ಅಪಾಯ. ಬಣ್ಣಕ್ಕೆ ಮೊದಲು ಕೈಹಾಕುವ ಗ್ಯಾರೇಜಿನ ಬಗ್ಗೆ ತುಸು ಗುಮಾನಿ ಇಟ್ಟುಕೊಳ್ಳುವುದೇ ಲೇಸು.

ಆದ್ದರಿಂದ ನುರಿತ ಮೇಸ್ತ್ರಿಯ ಕೆಲಸ ಆರಂಭವಾಗುವುದು ಮುಂದಿನ ಚಕ್ರಗಳಿಂದ. ಆಕ್ಸಲಿನ ಕೆಳಗೆ ಜಾಕು ಕೊಟ್ಟು ಚಕ್ರವನ್ನು ನೆಲದಿಂದ ಮೇಲೆತ್ತಿದ ಬಳಿಕ ಅವನು ಟೈರಿನ ನೆತ್ತಿಯನ್ನು ಒಂದು ಕೈಯಲ್ಲಿಯೂ ಬುಡವನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸುತ್ತಾನೆ. ‘ಟಕ್’ ಎಂಬ ಸದ್ದು ಕೈಗೆ ತಾಗಿದರೆ ಎಲ್ಲಿಯೋ ಸಡಿಲಾಗಿದೆ ಎಂದರ್ಥ. ಆದರೆ ಸಡಿಲು ಚಕ್ರದ ಹಬ್ಬಿನೊಳಗಿನ ಬೇರಿಂಗಿನದೋ, ಅಥವಾ ಸ್ಟೇರಿಂಗ್ ತಿರುಗಿಸಿದಾಗ ಚಕ್ರವು ಯಾವ ಉಕ್ಕಿನ ಗೂಟವನ್ನು ಆಧರಿಸಿ ಹೊರಳುತ್ತದೆಯೋ ಆ ಕಿಂಗ್‌ಪಿನ್ನಿನ ಸುತ್ತಲಿನ ಬುಶ್ಶಿನದೋ ಎಂಬುದು ಇಷ್ಟರಿಂದಲೇ ತಿಳಿಯದು. ಆಗ ಮೇಸ್ತ್ರಿ ಕ್ಲೀನರನನ್ನು ಕ್ಯಾಬಿನ್ನಿಗೆ ಹತ್ತಿಸಿ ಬ್ರೇಕು ತುಳಿಯಲು ಹೇಳಿ, ಮತ್ತೊಮ್ಮೆ ಅಲುಗಿಸುತ್ತಾನೆ. ಬ್ರೇಕು ಹಿಡಿದಾಗ ಡ್ರಮ್ಮೂ ಅದರೊಳಗಿನ ಶೂಗಳೂ ಒಂದಾಗಿ ಬಿಗಿದುಕೊಳ್ಳುವುದರಿಂದ ಬೇರಿಂಗಿನ ಸಡಿಲು ಮಾಯವಾಗುತ್ತದೆ. ಆದರೂ ಸದ್ದು ಉಳಿದರೆ ದೋಷ ಕಿಂಗ್‌ಪಿನ್ನಿನದು. ಯಾವ ಉಪಕರಣವೂ ಇಲ್ಲದೆ, ಎರಡು ಕೈ ಮತ್ತು ಒಂದು ಕಾಲಿನ ಬಲದಿಂದ ರೋಗವನ್ನು ಹೀಗೆ ಒಂದೇ ಜಾಗಕ್ಕೆ ಹಿಡಿದು ನಿಲ್ಲಿಸುವುದರಲ್ಲಿ ತರ್ಕಶಾಸ್ತ್ರದ ಸೊಗಸೇ ಇದೆ.

ಅದೇ ಸರದಿಯಲ್ಲಿ ಸ್ಟೇರಿಂಗಿನ ವಿಚಾರವೂ ಬರುತ್ತದೆ. ಚಕ್ರಗಳು ಕದಲದೆ ಸ್ಟೇರಿಂಗ್ ಮಾತ್ರ ಖಾಲಿಯಾಗಿ ತಿರುಗುವ ಅಳತೆಯು 30 ಡಿಗ್ರಿಯನ್ನು ಮೀರಬಾರದು ಮತ್ತು ಕೊಂಡಿಗಳ ಗೋಲಕೀಲುಗಳಿಗೆ ರಬ್ಬರಿನ ಟೋಪಿ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಹರಿದ ಟೋಪಿಯೊಳಗೆ ಸೇರಿದ ಮಣ್ಣೇ ಕೀಲನ್ನು ಸವೆಸುವ ಅರ ಎಂಬುದನ್ನು ಕಂಡವರಿಗೆ ಆ ನಿಯಮದ ವಿವೇಕ ಅರ್ಥವಾಗುತ್ತದೆ. ಗ್ರೀಸ್ ಗನ್ನಿನ ಮೂತಿಯನ್ನು ನಿಪ್ಪಲ್ಲಿಗೆ, ಅಂದರೆ ಗ್ರೀಸು ಒಳಹೋಗುವ ಪುಟ್ಟ ಮೊಳಕೆಗೆ, ಕಚ್ಚಿಸಿ ಒತ್ತುವಾಗ ಮೊದಲು ಕಪ್ಪಗೆ ಗಟ್ಟಿಗಟ್ಟಿದ ಹಳೆಯ ಗ್ರೀಸು ಸಂದಿಯಿಂದ ಹುಳುವಿನಂತೆ ಹೊರಡುತ್ತದೆ. ಹೊಸದರ ಬಣ್ಣ ಇಣುಕುವವರೆಗೆ ಒತ್ತುತ್ತಲೇ ಇರಬೇಕು. ಹಿಂದಿನ ಕಮಾನು ಪಟ್ಟಿಗಳನ್ನು ಆಕ್ಸಲಿಗೆ ಬಿಗಿದಿರುವ ಯು ಬೋಲ್ಟುಗಳನ್ನು ಮೇಸ್ತ್ರಿ ಸುತ್ತಿಗೆಯಿಂದ ಬಡಿದು ನೋಡುತ್ತಾನೆ: ಬಿಗಿಯಾದದ್ದು ಕಂಚಿನ ದನಿ ಕೊಡುತ್ತದೆ, ಸಡಿಲಾದದ್ದು ಬೊದ್ದೆನ್ನುತ್ತದೆ. ಪಟ್ಟಿ ಮುರಿದಿದ್ದರೆ ಬಿರುಕಿನುದ್ದಕ್ಕೂ ತುಕ್ಕಿನ ಗೆರೆಯೊಂದು ಕಾಣಿಸುತ್ತದೆ.

ಬ್ರೇಕು ಈ ಸಿದ್ಧತೆಯ ಹೃದಯಭಾಗ. ಡ್ರಮ್ಮನ್ನು ಕಳಚಿದರೆ ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿದ್ದು, ಅವುಗಳ ಬೆನ್ನಿಗೆ ರಿವೆಟ್ಟು ಹೊಡೆದು ಕೂರಿಸಿದ ಲೈನರು, ಅಂದರೆ ಡ್ರಮ್ಮಿಗೆ ಉಜ್ಜಿ ವೇಗ ತಗ್ಗಿಸುವ ಹೊದಿಕೆ, ಕಾಣುತ್ತದೆ. ಲೈನರು ಸವೆದು ರಿವೆಟ್ಟಿನ ತಲೆಯೇ ಮೇಲೆ ಬಂದಿದ್ದರೆ ಡ್ರಮ್ಮಿನ ಒಳಮೈಯಲ್ಲಿ ಗೀರು ಬಿದ್ದಿರುತ್ತದೆ, ಖರ್ಚೂ ಬೆಳೆಯುತ್ತದೆ. ಎಲ್ಲವನ್ನೂ ಮರಳಿ ಜೋಡಿಸಿದ ಬಳಿಕ ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಯ ತಿರುಪನ್ನು ಚಕ್ರ ಕಚ್ಚಿ ನಿಲ್ಲುವವರೆಗೆ ಬಿಗಿದು, ಚಕ್ರ ಸರಾಗವಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡುವುದು ಅತ್ಯಂತ ನಾಜೂಕಿನ ಕೆಲಸ. ಎಡಬಲಗಳಲ್ಲಿ ವ್ಯತ್ಯಾಸ ಉಳಿದರೆ ಬ್ರೇಕು ಹಾಕಿದಾಗ ಲಾರಿ ಒಂದು ಬದಿಗೆ ಎಳೆಯುತ್ತದೆ.

ದೀಪಗಳ ಕೆಲಸ ಇದರ ಮುಂದೆ ಸಣ್ಣದು. ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪವೂ ಜೊತೆಗೆ ಮಿಣುಕಿದರೆ, ಬಲ್ಬು ಬದಲಿಸುವ ಮೊದಲು ಅರ್ಥ್ ತಂತಿ ಚಾಸಿಗೆ ಕೂಡುವ ಜಾಗದ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಬೇಕು. ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಪ್ರತಿಫಲಕ ಪಟ್ಟಿಗಳನ್ನು ಧೂಳೊರಸಿ ಅಂಟಿಸಿ, ನಂಬರನ್ನು ತಿದ್ದಿಸಿ, ವಾಟರ್ ಸರ್ವಿಸ್ ಮಾಡಿಸಿದರೆ ಮುಗಿಯಿತು. ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಕೂಡದೆಂಬ ಕಟ್ಟಳೆಗೆ ಹೆದರಿ, ಪರೀಕ್ಷೆಯ ಮಟ್ಟಿಗೆ ಬೇರೆ ಲಾರಿಯ ಟೈರುಗಳನ್ನು ಎರವಲು ತಂದು ಮಾರನೆಯ ದಿನ ಹಿಂದಿರುಗಿಸುವವರೂ ಇಲ್ಲದಿಲ್ಲ. ಘಾಟಿಯ ಇಳಿಜಾರಿನಲ್ಲಿ ಆ ಪತ್ರವನ್ನು ಚಕ್ರಕ್ಕೆ ಕಟ್ಟಲು ಬರುವುದಿಲ್ಲವೆಂಬುದು ಅವರಿಗೂ ಗೊತ್ತು.

ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗಾಗಿ 2021ರಲ್ಲಿ ನಿಯಮಗಳು ಬಂದ ಮೇಲೆ, ಇನ್‌ಸ್ಪೆಕ್ಟರರ ಕಣ್ಣು ಅಂದಾಜಿಸುತ್ತಿದ್ದುದನ್ನು ಯಂತ್ರಗಳು ಅಳೆಯತೊಡಗಿವೆ. ಉರುಳೆಗಳ ಮೇಲೆ ಚಕ್ರಗಳನ್ನು ನಿಲ್ಲಿಸಿ ಬ್ರೇಕು ಹಾಕಿಸಿದರೆ ಎಡಕ್ಕೆಷ್ಟು, ಬಲಕ್ಕೆಷ್ಟು ಎಂಬ ಅಂಕಿ ಪರದೆಯ ಮೇಲೆ ಮೂಡುವುದರಿಂದ, ಕೈಯಳತೆಯಲ್ಲಿ ತಿರುಪು ಬಿಟ್ಟ ಮೇಸ್ತ್ರಿಗೂ ತನ್ನ ಕೆಲಸದ ಲೆಕ್ಕ ಸಿಗುತ್ತದೆ. ಎಡಚಕ್ರದ ಹಿಡಿತ ಕಡಿಮೆಯೆಂದು ಯಂತ್ರ ಹೇಳೀತು; ಕಾರಣ ಲೈನರಿಗೆ ತಾಗಿದ ಗ್ರೀಸೋ, ಸವೆದ ಡ್ರಮ್ಮೋ, ಇನ್ನೊಂದಿಷ್ಟು ಬಿಗಿಯಬೇಕಾದ ತಿರುಪೋ ಎಂಬುದನ್ನು ತಿಳಿಯಲು ಲಾರಿ ಗ್ಯಾರೇಜಿಗೆ ಹಿಂದಿರುಗಿ, ಮತ್ತೆ ಜಾಕಿನ ಮೇಲೇರಿ, ಚಕ್ರ ಬಿಚ್ಚಿಸಿಕೊಳ್ಳಬೇಕು.