ಕೋಟೆಯ ನಾಡು, ಹಿನ್ನೀರಿನ ನಾಡು

ತಿಲಕ್ ನಗರದ ಒಂದು ಇಕ್ಕಟ್ಟಾದ ಅಡ್ಡರಸ್ತೆಯ ಮನೆಯಲ್ಲಿ ಗೋಡೆಗೆ ತೂಗುಹಾಕಿದ್ದ ಪಂಚಾಂಗದ ಚಿತ್ರವೇ ಈ ಪ್ರವಾಸಕ್ಕೆ ಮೂಲ. ಸ್ಕಾಟ್ಲೆಂಡಿನ ಬೆಟ್ಟಗಳ ನಡುವೆ ಒಂದು ಸರೋವರ. ಅದರ ದಡದಲ್ಲಿ ಪಾಳುಬಿದ್ದ ಕೋಟೆ. “ಇಂಥದು ನಮ್ಮಲ್ಲಿ ಇಲ್ಲವೇ ಅಪ್ಪ?” ಎಂದು ಹುಡುಗ ಕೇಳಿದನು. “ಇಲ್ಲದೇ ಏನು? ಅಜ್ಜಿಯ ಊರಿನ ಕಡೆ ಬೇಕಾದಷ್ಟಿದೆ,” ಎಂದನು ತಂದೆ. ಅಜ್ಜಿ ಮಾತ್ರ ಏನೂ ಹೇಳದೆ ಹೂಕಟ್ಟುವುದನ್ನು ಮುಂದುವರಿಸಿದರು.

ಮೇ ತಿಂಗಳ ನಡುವಿನ ಒಂದು ಇರುಳು ನಾಲ್ವರೂ ತಾಳಗುಪ್ಪದ ರೈಲು ಹತ್ತಿದರು. ಬೆಳಗಾಗುವಾಗ ಬಯಲು ಹಿಂದೆ ಸರಿದು, ಅಡಕೆಯ ತೋಟಗಳು ಕಿಟಕಿಯ ಹತ್ತಿರಕ್ಕೆ ಬಂದಿದ್ದವು. ಸಾಗರದಲ್ಲಿ ಇಳಿದು, ಇಡ್ಲಿ ಕಾಫಿ ಮುಗಿಸಿ, ಬಾಡಿಗೆಯ ಕಾರು ಹಿಡಿದದ್ದಾಯಿತು. ಈ ಊರಿನ ಹೆಸರೇ ಒಂದು ಕೆರೆಯದು. ಕೆಳದಿಯ ಸದಾಶಿವನಾಯಕನು ಕಟ್ಟಿಸಿದನೆನ್ನಲಾದ ಸದಾಶಿವಸಾಗರವೇ ಊರಿಗೆ ಹೆಸರಾಗಿ ನಿಂತಿತು. ಕೆರೆಯನ್ನು ಈಗ ಜನರು ಗಣಪತಿ ಕೆರೆ ಎಂದು ಕರೆಯುತ್ತಾರೆ.

ಸಾಗರದ ಸಮೀಪದಲ್ಲೇ ಇಕ್ಕೇರಿ. ಒಂದು ಕಾಲದ ರಾಜಧಾನಿಯಲ್ಲಿ ಇಂದು ಗಟ್ಟಿಯಾಗಿ ಉಳಿದಿರುವುದು ಅಘೋರೇಶ್ವರನ ಕಲ್ಲುಗುಡಿ ಮತ್ತು ಅದರೆದುರಿನ ಭಾರಿ ನಂದಿ. ಗುಡಿಯ ಒಳನೆಲದಲ್ಲಿ ಮೂವರು ನಾಯಕರು ಸಾಷ್ಟಾಂಗ ಬಿದ್ದ ಆಕೃತಿಗಳನ್ನು ಕೊರೆದಿದ್ದಾರೆ. ಆಳಿದವರು ತಮ್ಮನ್ನು ತಾವು ನೆಲದ ಮೇಲೆ ಚಿತ್ರಿಸಿಕೊಂಡ ಇಂಥ ನಿದರ್ಶನಗಳು ವಿರಳವೆಂದೇ ಹೇಳಬೇಕು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಪ್ರವಾಸಿಯು ಗೋವೆಯಿಂದ ಬಂದ ಪೋರ್ಚುಗೀಸ್ ರಾಯಭಾರಿಯೊಡನೆ ವೆಂಕಟಪ್ಪನಾಯಕನ ಈ ಊರಿಗೆ ಬಂದಿದ್ದನು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ನೆಲದ ಮರಳಿನಲ್ಲಿ ಬೆರಳಾಡಿಸಿ, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಅವನು ಬೆರಗಾದನು. ಕಾಗದವೂ ಬೇಡ, ಮಸಿಯೂ ಬೇಡ! ಅದನ್ನು ಕೇಳಿದ ತಿಲಕ್ ನಗರದ ಹುಡುಗನಿಗೆ ಅಸೂಯೆಯಾಯಿತು.

1637ರಲ್ಲಿ ಬಿಜಾಪುರದ ಸೈನ್ಯವು ಇಕ್ಕೇರಿಯನ್ನು ಸೂರೆಮಾಡಿದ ಮೇಲೆ ನಾಯಕರು ಇನ್ನೂ ದುರ್ಗಮವಾದ ನೆಲೆಯನ್ನರಸಿ ಬಿದನೂರಿಗೆ ಹೋದರು. ಅದೇ ಇಂದಿನ ನಗರ. ಹೊಸನಗರದಿಂದ ಮುಂದಕ್ಕೆ ಕಾಡಿನ ನಡುವೆ ಹೋಗುವ ರಸ್ತೆಯಲ್ಲಿ ಅದು ಒಮ್ಮೆಲೇ ಎದುರಾಗುತ್ತದೆ: ದಿಬ್ಬದ ಮೇಲೆ ಕರಿಯ ಗೋಡೆ, ಕೆಳಗೆ ಕೆರೆಯ ನಿಶ್ಚಲವಾದ ನೀರು. ಹುಡುಗನು “ಪಂಚಾಂಗ! ಪಂಚಾಂಗ!” ಎಂದು ಕೂಗಿಕೊಂಡನು.

ಈ ಗೋಡೆಗಳ ಹಿಂದೆ ಕಾಳುಮೆಣಸಿನ ಮತ್ತು ಅಕ್ಕಿಯ ಹಣವಿತ್ತು. ಘಟ್ಟದ ದಾರಿಗಳು ಬಿದನೂರಿನ ಕೈಯಲ್ಲಿದ್ದವು. ಕರಾವಳಿಯ ಬಂದರುಗಳಲ್ಲಿ ಪರದೇಶದ ಹಡಗುಗಳು ಕಾಯುತ್ತಿದ್ದವು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಹೆಸರು ಯುದ್ಧಗಳಿಗಿಂತ ಹೆಚ್ಚಾಗಿ ‘ಶಿಸ್ತು’ ಎಂಬ ಅವನ ಕಂದಾಯದ ಕ್ರಮದಿಂದ ಉಳಿದಿದೆ. ಊರೂರಿನಲ್ಲಿಯೂ ಒಂದೊಂದು ಬಗೆಯ ಭೂಮಿಯನ್ನು ಆರಿಸಿ, ಹನ್ನೆರಡು ವರ್ಷ ತಾನೇ ಸಾಗುವಳಿ ಮಾಡಿಸಿ, ಬೆಳೆಯ ಲೆಕ್ಕವಿಟ್ಟು, ಅದರ ಸರಾಸರಿಯ ಮೇಲೆ ಕಂದಾಯವನ್ನು ಗೊತ್ತುಮಾಡಿದನೆಂದು ಪ್ರತೀತಿ. ಗದ್ದೆ ಎಷ್ಟು ಕೊಡಬಲ್ಲುದೆಂಬುದನ್ನು ಗದ್ದೆಯನ್ನೇ ಕೇಳಿ ತಿಳಿದುಕೊಂಡ ಅರಸು! 1689ರಲ್ಲಿ ಮೊಗಲರಿಗೆ ಬೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮನೂ ಇದೇ ಮನೆತನದ ರಾಣಿ. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ರಾಣಿ ವೀರಮ್ಮಾಜಿ ಬಲ್ಲಾಳರಾಯನ ದುರ್ಗಕ್ಕೆ ಓಡಿಹೋದರೂ ಸೆರೆಯಾದಳು. ಊರು ಹೈದರ್‌ನಗರವಾಗಿ, ಬರಬರುತ್ತ ಬರಿಯ ‘ನಗರ’ವಾಯಿತು. ಗೋಡೆಯ ಗಾರೆಯ ಮೇಲೆ ಮೊಳೆಯಿಂದ ತಮ್ಮ ಹೆಸರನ್ನು ಗೀಚುವವರು ಈ ಸರಣಿಯ ಕೊನೆಯ ದಾಳಿಕಾರರು. ಅವರ ಮೇಲೆ ಯಾವ ಕೋಟೆಯೂ ಗೆದ್ದಂತಿಲ್ಲ.

ನಗರದ ಹತ್ತಿರವೇ ಇರುವ ದೇವಗಂಗೆಯನ್ನು ನೋಡದೆ ಬಂದವನು ಕೆಳದಿಯವರ ಅರ್ಧವನ್ನು ಮಾತ್ರ ಕಂಡಂತೆ. ಮರಗಳ ನೆರಳಿನಲ್ಲಿ ಏಳು ಕೊಳಗಳು. ಒಂದು ನಕ್ಷತ್ರದ ಆಕಾರದ್ದು, ಒಂದು ಕಮಲದ್ದು. ಬೆಟ್ಟದ ಒರತೆಯು ಕಲ್ಲಿನ ಕಾಲುವೆಯಲ್ಲಿ ತಾನಾಗಿ ಇಳಿದುಬಂದು ಒಂದು ಕೊಳವನ್ನು ತುಂಬಿ ಇನ್ನೊಂದಕ್ಕೆ ಹರಿಯುತ್ತದೆ. ಮೇ ತಿಂಗಳಿನಲ್ಲಿಯೂ ನೀರು ಬತ್ತಿರಲಿಲ್ಲ. ಅಜ್ಜಿ ಸೆರಗು ಸುತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಕಾಲು ಇಳಿಬಿಟ್ಟರು. ಮಾರನೆಯ ದಿನ ಕವಲೇದುರ್ಗದ ಕಲ್ಲುಹಾಸಿನ ದಾರಿಯನ್ನು ಅವರು ಅರ್ಧಕ್ಕೆ ಬಿಟ್ಟರು. ಮೂರು ಸುತ್ತಿನ ಆ ಕೋಟೆಯೊಳಗೂ ಬಂಡೆಯ ನಡುವೆ ಕೊಳಗಳು. ಅರಮನೆಯ ಪಾಯದಲ್ಲಿ ಕಲ್ಲಿನ ಒಲೆ. ತುದಿಯ ಶಿಖರೇಶ್ವರನ ಗುಡಿಯ ಬಳಿ ನಿಂತು ಹುಡುಗನು ದೂರದ ಕಾಡಿನ ನಡುವೆ ಹೊಳೆಯುತ್ತಿದ್ದ ನೀರನ್ನು ತೋರಿಸಿ, “ಅದನ್ನು ಯಾವ ರಾಜ ಕಟ್ಟಿಸಿದ?” ಎಂದು ಕೇಳಿದನು.

ಅದನ್ನು ಯಾವ ರಾಜನೂ ಕಟ್ಟಿಸಿದ್ದಲ್ಲ. ಅದು ವಾರಾಹಿಯ ಹಿನ್ನೀರು. ಸ್ಕಾಟ್ಲೆಂಡಿನ ಸರೋವರಗಳನ್ನು ಸಾವಿರಾರು ವರ್ಷಗಳ ಹಿಂದೆ ಹಿಮದ ನದಿಗಳು ಕೊರೆದವು. ಮಲೆನಾಡಿನ ದೊಡ್ಡ ಸರೋವರಗಳ ವಯಸ್ಸಾದರೋ ಒಬ್ಬ ಮನುಷ್ಯನ ಆಯುಷ್ಯದೊಳಗಿನದು. ವಾರಾಹಿಯ ಮಾಣಿ, ಚಕ್ರಾ, ಸಾವೆಹಕ್ಲು, ಎಲ್ಲಕ್ಕೂ ಹಿರಿದಾದ ಲಿಂಗನಮಕ್ಕಿ: ಎಲ್ಲವೂ ವಿದ್ಯುತ್ತಿಗಾಗಿ ಕಟ್ಟಿದ ಅಣೆಗಳ ಹಿಂದೆ ನಿಂತ ನೀರು. 1948ರಲ್ಲಿ ಜಯನಗರದ ಬಡಾವಣೆಗೆ ಅಸ್ತಿಭಾರ ಬಿದ್ದಿತು. ಬೆಂಗಳೂರು ದಕ್ಷಿಣಕ್ಕೆ ಬೆಳೆದಂತೆ ದೀಪಗಳೂ ಬೆಳೆದವು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಶರಾವತಿಯ ವಿದ್ಯುದಾಗಾರದ ಹತ್ತು ಯಂತ್ರಗಳು ಕೂಡಿ 1,035 ಮೆಗಾವಾಟ್. ರಾಜ್ಯದ ಊರೂರಿಗೆ ಬೆಳಕು ಕೊಟ್ಟ ಈ ಕಾರ್ಯವನ್ನು ಹಗುರವಾಗಿ ಕಾಣಲಾಗದು.

ಆದರೆ ಸಾಗರ, ಹೊಸನಗರಗಳ ಹಳ್ಳಿಗರಿಗೆ ಆ ಯೋಜನೆಯೆಂದರೆ ಬೇರೊಂದು ಅಂಕಿ: 1,819 ಅಡಿ. ಸಮುದ್ರಮಟ್ಟದಿಂದ ಅಷ್ಟು ಎತ್ತರಕ್ಕೆ ನೀರು ನಿಲ್ಲುವುದೆಂದು ಗೊತ್ತಾಯಿತು. ಅದಕ್ಕಿಂತ ಮೇಲಿದ್ದ ಮನೆ ಉಳಿಯಿತು, ಕೆಳಗಿದ್ದುದು ಹೋಯಿತು. ಶಿವಪ್ಪನಾಯಕನು ಬೆಳೆ ತಿಳಿಯಲು ಅಳೆಯಿಸಿದ ಗದ್ದೆಗಳನ್ನು ಈ ಸಲ ಮುಳುಗಿಸುವುದಕ್ಕಾಗಿ ಅಳೆದರು. ಜನರನ್ನು ಜಿಲ್ಲೆಯ ಕಾಡುಗಳೊಳಗೆ ಒಯ್ದು ಇಳಿಸಿದರು. ಅರುವತ್ತು ವರ್ಷ ಕಳೆದ ಮೇಲೂ ಆ ನೆಲದ ಹಕ್ಕು ಅವರದೋ ಅರಣ್ಯದ್ದೋ ಎಂಬ ವಿವಾದ ಅನೇಕ ಕುಟುಂಬಗಳನ್ನು ಬಿಟ್ಟಿಲ್ಲ.

ಅಜ್ಜಿಯ ತವರು ಕರೂರು ಸೀಮೆಯ ಒಂದು ಹಳ್ಳಿ, 1,819ರ ಕೆಳಗಿನದು. ಮೂರನೆಯ ದಿನ ಕಾರು ಅಂಬಾರಗೋಡ್ಲಿಗೆ ಬಂದಿತು. ಹಿಂದೆ ಇಲ್ಲಿ ಲಾಂಚಿಗಾಗಿ ಕಾಯಬೇಕಿತ್ತು. ಬಸ್ಸು, ಎಮ್ಮೆ, ಮದುಮಗಳು, ಬಾಣಂತಿ, ಎಲ್ಲರೂ ಅದರಲ್ಲಿಯೇ ದಾಟುತ್ತಿದ್ದರು. ಮುಳುಗಡೆಯಿಂದ ದ್ವೀಪದಂತಾಗಿದ್ದ ತುಮರಿ, ಸಿಗಂದೂರು ಸೀಮೆಗೆ ಎರಡು ಕಿಲೋಮೀಟರಿಗೂ ಮೀರಿದ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಕಾರು ಆ ಮೊಗದಿಂದ ಈ ಮೊಗಕ್ಕೆ ಕೆಲವೇ ನಿಮಿಷಗಳಲ್ಲಿ ಹೋಗಿ ಬಂದಿತು.

“ಇಷ್ಟೇಯೇ?” ಎಂದರು ಅಜ್ಜಿ.

ಬೇಸಗೆಯಾದ್ದರಿಂದ ನೀರು ಕೆಳಗಿಳಿದು, ದಡದುದ್ದಕ್ಕೂ ಕೆಂಪು ಮಣ್ಣಿನ ಅಂಚು ಬಿದ್ದಿತ್ತು. ನೀರಿನೊಳಗಿಂದ ಒಣಮರಗಳ ಬೊಡ್ಡೆಗಳು ತಲೆಯೆತ್ತಿದ್ದವು. ನೀರು ತೀರ ಕಡಿಮೆಯಾದ ವರ್ಷಗಳಲ್ಲಿ, ಲಿಂಗನಮಕ್ಕಿಗೆ ಮೊದಲೇ ಶರಾವತಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮೇಲಕ್ಕೆ ಕಾಣಿಸಿಕೊಳ್ಳುತ್ತದೆ. ಒಂದು ಅಣೆಯನ್ನು ಇನ್ನೊಂದು ಅಣೆಯ ನೀರು ನುಂಗಿದ ವಿಚಿತ್ರ.

ಅಜ್ಜಿಯನ್ನು ಮೊಮ್ಮಗ ಕೈಹಿಡಿದು ನೀರಿನ ಹತ್ತಿರಕ್ಕೆ ಇಳಿಸಿದನು. ಅವರು ಒಂದು ಬೊಡ್ಡೆಯ ಕಡೆಗೆ ಬೆರಳು ತೋರಿಸಿದರು. “ಅದು ನಮ್ಮ ಗುಡ್ಡದ್ದಿದ್ದೀತು ಪುಟ್ಟ. ಅಲ್ಲಿಂದ ಇಳಿದರೆ ತೋಟ. ತೋಟದ ಸಂಕ ದಾಟಿದರೆ ಗದ್ದೆ. ಗದ್ದೆಯ ತಲೆಯಲ್ಲಿ ಮನೆ.”

“ನಿಜವಾಗಿಯೂ ಅದೇಯೇ ಅಜ್ಜಿ?”

“ಯಾರಿಗೆ ಗೊತ್ತು! ನಾನು ಊರು ಬಿಟ್ಟಾಗ ಹದಿನೈದು ವರ್ಷ. ಹೊರಡುವ ದಿನವೂ ನಮ್ಮಮ್ಮ ಅಂಗಳ ಸಾರಿಸಿ ರಂಗೋಲಿ ಹಾಕಿದಳು.”

ಹುಡುಗನು ನೀರನ್ನು ದಿಟ್ಟಿಸುತ್ತಿದ್ದನು. ಸಂಜೆಯ ಬಿಸಿಲಿನಲ್ಲಿ ದೂರದ ಬೆಟ್ಟಗಳ ಸಾಲು ನೀಲಿಗಟ್ಟಿ, ಹಿನ್ನೀರು ಹೊನ್ನಿನ ತಗಡಿನಂತೆ ಹೊಳೆಯುತ್ತಿತ್ತು. ಪಂಚಾಂಗದ ಚಿತ್ರಕ್ಕಿಂತ ಎಷ್ಟೋ ಸೊಗಸು. ತಂದೆ ಫೋಟೋ ತೆಗೆಯಲೆಂದು ಜೇಬಿಗೆ ಕೈಹಾಕಿ, ತಾಯಿಯ ಮುಖ ನೋಡಿ, ಸುಮ್ಮನಾದನು. ಮೇಲೆ ರಸ್ತೆಯಲ್ಲಿ ರೈಲಿಗೆ ಹೊತ್ತಾಯಿತೆಂದು ಚಾಲಕನು ಹಾರನ್ ಒತ್ತತೊಡಗಿದನು.