ತೆಗೆದ ಚಿತ್ರ, ನೋಡುವ ಕಣ್ಣು

ರಾಯಚೂರು ಸೀಮೆಯ ಮಾತಿನಲ್ಲಿ ಚಿತ್ರವನ್ನೂ ‘ತೆಗೆಯುತ್ತಾರೆ’, ಫೋಟೋವನ್ನೂ ‘ತೆಗೆಯುತ್ತಾರೆ’. ಪೆನ್ಸಿಲ್ ಹಿಡಿದವರಿಗೂ ಕ್ಯಾಮೆರಾ ಹಿಡಿದವರಿಗೂ ಒಂದೇ ಕ್ರಿಯಾಪದ. ಗುಂಜಹಳ್ಳಿಯಂಥ ಊರಿನಲ್ಲಿ ಹದಿನೈದರ ಹುಡುಗನೋ ಹುಡುಗಿಯೋ ಹೀಗೆ ತೆಗೆದದ್ದನ್ನು ಯಾರ ಮುಂದೆ ಹಿಡಿಯಬೇಕು? ಮನೆಯಲ್ಲಿ ತೋರಿಸಿದರೆ ‘ಚಿತ್ರ ತೆಗದ್ರ ಹೊಟ್ಟಿ ತುಂಬತೈತೇನು?’ ಎಂಬ ಮಾತು ಸಿದ್ಧವಾಗಿರುತ್ತದೆ. ಹತ್ತನೆಯ ತರಗತಿ ಬಂತೆಂದರೆ ಬಣ್ಣದ ಡಬ್ಬಿ ಅಟ್ಟ ಸೇರುತ್ತದೆ.

ಹಿರಿಯರ ಆತಂಕ ಸುಳ್ಳೇನಲ್ಲ. ಕಲೆ ಅನ್ನ ಕೊಡುತ್ತದೆಂದು ಯಾರು ತಾನೇ ಭರವಸೆ ಕೊಟ್ಟಾರು? ಆದರೆ ಆ ವಯಸ್ಸಿನ ಮಕ್ಕಳು ಅನ್ನದ ಲೆಕ್ಕ ಹಾಕುತ್ತಿರುವುದಿಲ್ಲ. ಒಂದು ಗಳಿಗೆ ನಿಂತು ನೋಡುವ ಕಣ್ಣಿಗಾಗಿ ಕಾಯುತ್ತಿರುತ್ತಾರೆ.

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಬಾಲ್ಯದಲ್ಲಿ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಟ್ಟವರಲ್ಲ. ಶಾಲೆಯಲ್ಲಿ ಅವರು ಬರೆದ ಅರಳಿ ಎಲೆಯೊಂದನ್ನು ಮೇಷ್ಟ್ರು ಮೆಚ್ಚಿದರು. ತಾನೂ ಕಲಾವಿದನಾಗಬಲ್ಲೆ ಎಂಬ ನಂಬಿಕೆಗೆ ಅಷ್ಟೇ ಸಾಕಾಯಿತು. ಮುಂದೆ ಮುಂಬೈಯ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಆದರೂ ಕೈ ನಿಲ್ಲಲಿಲ್ಲ. ಮೈಸೂರಿನಲ್ಲೇ ಓದುತ್ತ, ಅಣ್ಣ ಆರ್.ಕೆ. ನಾರಾಯಣ್ ‘ದಿ ಹಿಂದೂ’ ಪತ್ರಿಕೆಗೆ ಬರೆದ ಕಥೆಗಳಿಗೆ ಚಿತ್ರ ಬರೆದರು. ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೂ ಬರೆದರು. ಮೇಷ್ಟ್ರ ನಂತರ ಅಣ್ಣ, ಅಣ್ಣನ ನಂತರ ಸಂಪಾದಕರು. ಹೀಗೆ ಒಂದೊಂದೇ ಕಣ್ಣು ಕೂಡಿಕೊಂಡವು.

ಅದೇ ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಕ್ಯಾಮೆರಾ ಹಿಡಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಫಿಲ್ಮ್ ಕಾಲದಲ್ಲಿ ರೋಲಿಗೆ 36 ಚಿತ್ರ, ಬಾಕ್ಸ್ ಕ್ಯಾಮೆರಾದಲ್ಲಾದರೆ ಬರೀ 8 ಅಥವಾ 12. ತೊಳೆಸಿ ಅಚ್ಚು ಹಾಕಿಸಲು ಪೇಟೆಗೆ ಹೋಗಬೇಕಿತ್ತು. ಕೈಗೆ ಬಂದ ಒಂದೇ ಪ್ರತಿ ಮನೆಮಂದಿಯ ಕೈಯೆಲ್ಲ ಸುತ್ತುತ್ತಿತ್ತು. ಈಗ ಮೊಬೈಲಿನಲ್ಲಿ ಹೊತ್ತು ಮುಳುಗುವುದರೊಳಗೆ ನೂರು ಚಿತ್ರ. ತೋರಿಸಿದರೆ ಹೆಬ್ಬೆರಳು ಸರಿಯುತ್ತದೆ, ಮುಂದಿನದು ಬರುತ್ತದೆ. ನೋಡುವವರು ಹೆಚ್ಚಿದರು; ನಿಂತು ನೋಡುವುದು ಕಡಿಮೆಯಾಯಿತು.

ರಾಯಚೂರು ಜಿಲ್ಲೆಯಲ್ಲೇ, ಮುದಗಲ್ಲಿನ ಸಮೀಪ, ಪಿಕ್ಲಿಹಾಳವಿದೆ. ಅಲ್ಲಿನ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಗೂಳಿಗಳನ್ನು ಕುಟ್ಟಿ ಮೂಡಿಸಿದ್ದಾರೆ. ತೆಗೆದವರ ಹೆಸರು ಉಳಿಯಲಿಲ್ಲ, ಗೂಳಿ ಉಳಿಯಿತು. ತೋರಿಸಲು ಅವರಿಗೆ ಬಂಡೆಯಿತ್ತು.

ಇಂದಿನ ಮಕ್ಕಳಿಗೂ ಬಂಡೆಯಂಥದೊಂದು ಜಾಗ ಬೇಕು. ಅದಕ್ಕೆ ದೊಡ್ಡ ಕಲಾಮಂದಿರವೇನೂ ಬೇಡ. ಶಾಲೆಯ ಪಡಸಾಲೆಯಲ್ಲಿ ಒಂದು ದಾರ, ನಾಲ್ಕು ಬಟ್ಟೆ ಕ್ಲಿಪ್ಪು, ತಿಂಗಳಿಗೊಂದು ಶನಿವಾರ ಸಾಕು. ಊರವರು ಬಂದು ನೋಡಲಿ. ಹೊಗಳದಿದ್ದರೂ ಚಿಂತೆಯಿಲ್ಲ. ಎತ್ತು ಸಾಕಿದ ಅಜ್ಜನೊಬ್ಬ ಚಿತ್ರದ ಮುಂದೆ ನಿಂತು ‘ಈ ಕೋಡು ಹಿಂಗ್ಯಾಕ ತೆಗದಿ?’ ಎಂದರೆ ಸಾಕು. ಅದಕ್ಕೆ ಉತ್ತರ ಹುಡುಕುತ್ತ ಆ ಮಗು ಇನ್ನೊಂದು ಎತ್ತನ್ನು ತೆಗೆಯುತ್ತದೆ.