ವೇದಿಕೆಯ ಮೇಲೆ ಐವರು

ಮಾರ್ಚ್ 8, 2024, ಶುಕ್ರವಾರ

ರಾತ್ರಿ ಒಂಬತ್ತಕ್ಕೆ ಯೊಮಿಯುರಿ ಟಿವಿಯಲ್ಲಿ 47ನೇ ಜಪಾನ್ ಅಕಾಡೆಮಿ ಪ್ರಶಸ್ತಿ ಸಮಾರಂಭ. ಊಟ ಬೇಗ ಮುಗಿಸಿ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಅವಳಿಗೆ ಜಪಾನಿ ಬಾರದು. ಗೆದ್ದವರು ಯಾರು, ಸೋತವರು ಯಾರು ಅಂತ ತಿಳಿಯೋಕೆ ಭಾಷೆ ಯಾಕೆ ಬೇಕು ಅನ್ನುವುದು ಅವಳ ವಾದ. ಇವತ್ತು ಮಾತ್ರ ಅವಳಿಗೂ ಗೊತ್ತಾಗಲಿಲ್ಲ. "ಐದೂ ಜನ ಮೇಲೆ ಬಂದು ನಿಂತಿದ್ದಾರಲ್ಲೇ, ಸೋತವರು ಎಲ್ಲಿ?"

ಇಲ್ಲಿಯ ಕ್ರಮವೇ ಹಾಗೆ ಎಂದು ಹೇಳಿದೆ. ಒಂದೊಂದು ವಿಭಾಗದಲ್ಲೂ ಆಯ್ಕೆಯಾದ ಐದೂ ಮಂದಿ ಆಗಲೇ ಪ್ರಶಸ್ತಿಗೆ ಭಾಜನರು. ಎಲ್ಲರನ್ನೂ ವೇದಿಕೆಗೆ ಕರೆದು, ಮಾತಾಡಿಸಿ, ಆಮೇಲೆ ಅವರಲ್ಲಿ ಅತ್ಯುತ್ತಮರು ಯಾರೆಂದು ಸಾರುತ್ತಾರೆ. ಹೆಸರು ಬಂದವರು ಮೊದಲು ಪಕ್ಕದವರಿಗೆ ತಲೆಬಾಗುತ್ತಾರೆ. ನನಗೆ ಈ ಪದ್ಧತಿ ತುಂಬ ಹಿಡಿಸುತ್ತದೆ. ವರ್ಷಗಟ್ಟಲೆ ದುಡಿದವರನ್ನು ಕರೆಸಿ, ಕೊನೆಗೆ ಕುರ್ಚಿಯಲ್ಲೇ ಕೂರಿಸಿ ಚಪ್ಪಾಳೆ ತಟ್ಟಿಸುವುದು ಮರ್ಯಾದೆಯಲ್ಲ.

ಇನ್ನೊಂದು ಸಂತೋಷ: ಇಲ್ಲಿ ಬೆಳಕಿನ ವಿನ್ಯಾಸಕ್ಕೆ ಪ್ರತ್ಯೇಕ ಪ್ರಶಸ್ತಿ ಇದೆ. ಆಸ್ಕರ್‌ನಲ್ಲಿ ಅದಿಲ್ಲ. 'ಗಾಡ್ಜಿಲ್ಲಾ ಮೈನಸ್ ಒನ್' ಪಡೆದ ಎಂಟು ಪ್ರಶಸ್ತಿಗಳಲ್ಲಿ ಅದೂ ಒಂದು. ಲೈಟಿನವರು ವೇದಿಕೆ ಹತ್ತಿದ್ದು ಕಂಡು ಅಮ್ಮನಿಗೆ ಹೆಗ್ಗೋಡು ನೆನಪಾಯಿತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸುಬ್ಬಣ್ಣನವರ ನೀನಾಸಮ್‌ನಲ್ಲಿ 'ರಾಶೊಮೋನ್' ನೋಡಿದ್ದಳಂತೆ. ಕತೆ ಅರ್ಧಂಬರ್ಧ ಮರೆತಿದೆ. ಕೊಡಲಿ ಹೆಗಲಿಗಿಟ್ಟು ಕಾಡಲ್ಲಿ ನಡೆಯುವವನ ಮುಖದ ಮೇಲೆ ಎಲೆಯ ನೆರಳು ಓಡುವುದು ಮಾತ್ರ ಹಾಗೇ ಇದೆ. "ನಮ್ಮ ಕಾನಿನಲ್ಲಿ ನಡೆದ ಹಾಗೇ ಇತ್ತು." ಛಾಯಾಗ್ರಾಹಕ ಕಝುವೊ ಮಿಯಾಗಾವಾ ಕನ್ನಡಿ ಹಿಡಿಸಿ ಬಿಸಿಲನ್ನು ಮರಗಳ ಕೆಳಗೆ ತಂದಿದ್ದರು ಎಂದೆ. "ಆ ಕನ್ನಡಿ ಹಿಡಿದವರಿಗೆ ಏನು ಕೊಟ್ಟರು?" ಎಂದಳು.

ನಿರ್ದೇಶನದ ಪ್ರಶಸ್ತಿ 'ಪರ್ಫೆಕ್ಟ್ ಡೇಸ್'ಗಾಗಿ ಜರ್ಮನಿಯ ವಿಮ್ ವೆಂಡರ್ಸ್‌ಗೆ ಹೋಯಿತು. ಟೋಕಿಯೋದ ಶೌಚಾಲಯ ತೊಳೆಯುವವನಾಗಿ ನಟಿಸಿದ ಕೋಜಿ ಯಾಕುಶೊ ಅತ್ಯುತ್ತಮ ನಟ.

ಮಾರ್ಚ್ 11, ಸೋಮವಾರ

ಆಸ್ಕರ್. ಲಾಸ್ ಏಂಜಲೀಸ್‌ನ ಭಾನುವಾರ ಸಂಜೆ ನಮಗೆ ಸೋಮವಾರ ಬೆಳಗಿನ ಎಂಟು ಗಂಟೆ. ವಾವ್‌ವಾವ್ ಚಾನೆಲ್‌ಗೆ ತಿಂಗಳಿಗೆ 2,530 ಯೆನ್ ಕಟ್ಟುವುದು ನಮ್ಮ ಮಹಡಿಯಲ್ಲಿ ನಾವೊಬ್ಬರೇ. ಹಾಗಾಗಿ ಎದುರುಮನೆಯ ಅಜ್ಜಿ ಏಳೂಮುಕ್ಕಾಲಿಗೇ ಬಂದರು. ಎಂಬತ್ತಾರು ವಯಸ್ಸು, ಹುಟ್ಟಿ ಬೆಳೆದದ್ದೆಲ್ಲ ಕೋಬೆ. ಸಿನಿಮಾ ಎಂದರೆ ಪ್ರಾಣ. ಈ ಊರಿನವರೇ ಆದ ವಿಮರ್ಶಕ ನಾಗಾಹಾರು ಯೊದೊಗಾವಾ 1966ರಿಂದ 1998ರಲ್ಲಿ ಸಾಯುವವರೆಗೆ ಟಿವಿಯಲ್ಲಿ ವಾರವಾರ ಪರಿಚಯಿಸುತ್ತಿದ್ದ ವಿದೇಶಿ ಚಿತ್ರಗಳನ್ನು ತಪ್ಪಿಸಿದವರೇ ಅಲ್ಲ. ಜಪಾನಿನಲ್ಲಿ ಮೊದಲು ಚಲನಚಿತ್ರ ಕಂಡ ಊರು ಕೋಬೆ, 1896ರಲ್ಲಿ, ಎಂಬುದನ್ನು ಅಮ್ಮನಿಗೆ ನನ್ನ ಮೂಲಕ ಹೇಳಿಸಿದರು. ಅಮ್ಮ ಅವರ ಮುಂದೆ ಒಗ್ಗರಣೆ ಅವಲಕ್ಕಿ ಇಟ್ಟಳು.

ಈ ಸಲ ನಟನೆಯ ಪ್ರಶಸ್ತಿಗಳಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಹಿಂದೆ ಗೆದ್ದ ಐವರು ವೇದಿಕೆಗೆ ಬಂದು, ನಾಮನಿರ್ದೇಶಿತರಾದ ಐವರಲ್ಲಿ ಒಬ್ಬೊಬ್ಬರನ್ನೂ ನೋಡಿಕೊಂಡು ಅವರ ಕೆಲಸದ ಬಗ್ಗೆ ಮಾತಾಡಿದರು. ಪ್ರಶಸ್ತಿ ಸಿಗದಿದ್ದರೂ ಆ ಮಾತು ಅವರದೇ ಆಗಿ ಉಳಿಯುತ್ತದೆ. ಕೇಳುವಾಗಲೇ ಕೆಲವರ ಕಣ್ಣು ತುಂಬಿದ್ದವು. ಮಿಕ್ಕ ವಿಭಾಗಗಳಲ್ಲಿ ಹಳೆಯ ಪದ್ಧತಿಯೇ.

'ಪರ್ಫೆಕ್ಟ್ ಡೇಸ್'ಗೆ ಬರಲಿಲ್ಲ. ಅನಿಮೇಷನ್ ಪ್ರಶಸ್ತಿ ಜಪಾನಿನ ನಿರ್ದೇಶಕ ಮಿಯಾಝಾಕಿಗೆ ಬಂತು, ಅವರು ಹೋಗಿರಲಿಲ್ಲ. ಆಮೇಲೆ ವಿಷುವಲ್ ಎಫೆಕ್ಟ್ಸ್. ಶ್ವಾರ್ಜನೆಗ್ಗರ್ ಮತ್ತು ಡ್ಯಾನಿ ಡೆವಿಟೊ ಲಕೋಟೆ ಬಿಡಿಸಿ 'ಗಾಡ್ಜಿಲ್ಲಾ ಮೈನಸ್ ಒನ್' ಎಂದಾಗ ಅಜ್ಜಿ ಎದ್ದೇ ನಿಂತುಬಿಟ್ಟರು. ನಿರ್ದೇಶಕ ತಕಾಶಿ ಯಾಮಾಝಾಕಿ ಮತ್ತು ಮೂವರು ಸಂಗಡಿಗರು, ಗಾಡ್ಜಿಲ್ಲಾ ಉಗುರು ಹಿಮ್ಮಡಿಯನ್ನು ಹಿಡಿದಂತಿರುವ ಬೂಟು ತೊಟ್ಟು, ಕೈಯಲ್ಲಿ ಪುಟ್ಟ ಗಾಡ್ಜಿಲ್ಲಾ ಗೊಂಬೆ ಹಿಡಿದು ಮೆಟ್ಟಿಲು ಹತ್ತಿದರು. 35 ಮಂದಿ ಸೇರಿ 610 ಶಾಟ್ ಮಾಡಿದ ಕೆಲಸ. ಹಾಲಿವುಡ್‌ನಲ್ಲಿ ಅದಕ್ಕೆ ನೂರಾರು ಜನ ಇರುತ್ತಾರೆ. ಈ ಪ್ರಶಸ್ತಿ ಪಡೆದ ನಿರ್ದೇಶಕ ಇದಕ್ಕೆ ಮೊದಲು ಸ್ಟಾನ್ಲಿ ಕ್ಯೂಬ್ರಿಕ್ ಒಬ್ಬರೇ. ಯಾಮಾಝಾಕಿ ಚೀಟಿ ನೋಡಿಕೊಂಡು, ತಡವರಿಸುತ್ತ ಇಂಗ್ಲಿಷಿನಲ್ಲಿ ಓದಿದರು. ಮುಗಿಯುವ ಮೊದಲೇ ಸಂಗೀತ ಶುರು. ನನಗೆ ಸಿಟ್ಟು ಬಂತು. ಅಷ್ಟು ದೂರದಿಂದ ಬಂದವರಿಗೆ ಇನ್ನರ್ಧ ನಿಮಿಷ ಕೊಡಬಹುದಿತ್ತು.

ಕೊನೆಗೆ 'ಓಪನ್‌ಹೈಮರ್', ಒಟ್ಟು ಏಳು ಪ್ರಶಸ್ತಿ. ಅಣುಬಾಂಬು ತಯಾರಿಸಿದವನ ಕತೆ ಕಳೆದ ಜುಲೈನಿಂದ ಪ್ರಪಂಚವೆಲ್ಲ ಓಡಿದೆ. ಜಪಾನಿನಲ್ಲಿ ಬಿಡುಗಡೆ ಆಗುವುದು ಈ ತಿಂಗಳ 29ಕ್ಕೆ. ಬಾಂಬು ಬಿದ್ದ ನಾಡಿನವರು ನೋಡುವ ಮೊದಲೇ ಆ ಚಿತ್ರಕ್ಕೆ ಕಿರೀಟ ಇಟ್ಟಾಯಿತು. ನಟ ಕಿಲಿಯನ್ ಮರ್ಫಿ ಪ್ರಶಸ್ತಿಯನ್ನು ಶಾಂತಿಗಾಗಿ ದುಡಿಯುವವರಿಗೆ ಅರ್ಪಿಸಿದ್ದು ಒಂದು ಸಮಾಧಾನ. ಅಜ್ಜಿಯನ್ನು ಕೇಳಿದೆ. "ನೋಡಿದ ಮೇಲೆ ಹೇಳುತ್ತೇನೆ," ಎಂದು ಅವಲಕ್ಕಿ ತಟ್ಟೆ ತೊಳೆಯಲು ಎದ್ದರು. ಅಮ್ಮ ತಟ್ಟೆ ಕಸಿದುಕೊಂಡಳು.

ಮಾರ್ಚ್ 17, ಭಾನುವಾರ

1945ರ ಇದೇ ದಿನ ಬೆಳಗಿನ ಜಾವ ಮುನ್ನೂರಕ್ಕೂ ಹೆಚ್ಚು ಬಿ-29 ವಿಮಾನಗಳು ಕೋಬೆಯ ಮೇಲೆ ಬೆಂಕಿಬಾಂಬು ಸುರಿದಿದ್ದವು. ಅಜ್ಜಿಯ ಜೊತೆ ಒಕುರಾಯಾಮಾ ಉದ್ಯಾನಕ್ಕೆ ಹೋಗಿದ್ದೆವು. ಸತ್ತವರ ಹೆಸರು ಕೆತ್ತಿದ ಕಲ್ಲು ಅಲ್ಲಿದೆ. ಅಜ್ಜಿ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತರು. ಆಗ ಏಳು ವರ್ಷದವರು. ಅವರ ತಾಯಿ ಹಾಸಿಗೆಯನ್ನು ನೀರಿನಲ್ಲಿ ಅದ್ದಿ ಮಕ್ಕಳ ತಲೆಯ ಮೇಲೆ ಹೊದೆಸಿ ಗುಡ್ಡದ ಕಡೆ ಓಡಿಸಿದರಂತೆ. ಓಡುತ್ತಿದ್ದ ಹಾಗೇ ಆ ಹಾಸಿಗೆಯಿಂದ ಹಬೆ ಏಳುತ್ತಿತ್ತಂತೆ. ನಾನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಅವರ ಕೈ ಹಿಡಿದುಕೊಂಡಿದ್ದಳು.

ಗಾಡ್ಜಿಲ್ಲಾಕ್ಕೆ ಅಜ್ಜಿ ಅಷ್ಟು ಕುಣಿದದ್ದೇಕೆ ಎಂದು ಇವತ್ತು ತಿಳಿಯಿತು. ಚಿತ್ರದ ಆರಂಭದಲ್ಲಿ ನಾಯಕ ಯುದ್ಧದಿಂದ ವಾಪಸಾದಾಗ ಅವನ ಮನೆ ಇದ್ದಲ್ಲಿ ಸುಟ್ಟ ಮರದ ರಾಶಿ. ಪಕ್ಕದ ಮನೆಯ ಹೆಂಗಸು ಅವನನ್ನು ಬೈಯುತ್ತಾಳೆ. "ಆ ಬೀದಿಯನ್ನು ಸರಿಯಾಗಿ ಕಟ್ಟಿದ್ದಾರೆ," ಎಂದರು. ರಾಕ್ಷಸ ಮೃಗವನ್ನು ಮಾಡಿದವರೇ ಆ ಬೂದಿಯನ್ನೂ ಮಾಡಿದ್ದು. ಪ್ರಶಸ್ತಿ ಬಂದದ್ದು ಎರಡಕ್ಕೂ ಎಂದು ನಾನು ತಿಳಿದುಕೊಂಡಿದ್ದೇನೆ.

ಮಾರ್ಚ್ 29, ಶುಕ್ರವಾರ

ಮೊದಲ ದಿನವೇ ಅಜ್ಜಿಯನ್ನು ಕರೆದುಕೊಂಡು 'ಓಪನ್‌ಹೈಮರ್' ನೋಡಿ ಬಂದೆ. ಮೂರು ಗಂಟೆ. ಸಂಕಲನಕ್ಕೆ, ಸಂಗೀತಕ್ಕೆ ಕೊಟ್ಟದ್ದು ಸರಿಯಾಗಿಯೇ ಇದೆ. ವಿಜಯೋತ್ಸವದ ಸಭೆಯಲ್ಲಿ ಜನ ಕಾಲಿನಿಂದ ನೆಲ ಬಡಿಯುವ ಸದ್ದು ಎದೆಗೇ ಬಡಿಯಿತು. ಆದರೆ ಹಿರೋಶಿಮಾದ ಚಿತ್ರಗಳನ್ನು ತೋರಿಸುವಾಗ ವಿಜ್ಞಾನಿ ಮುಖ ತಿರುಗಿಸುತ್ತಾನೆ, ಕ್ಯಾಮೆರಾ ಅವನ ಮುಖದ ಮೇಲೇ ನಿಲ್ಲುತ್ತದೆ. ಪರದೆಯಲ್ಲಿ ಏನಿತ್ತೆಂದು ನಮಗೆ ಕಾಣುವುದೇ ಇಲ್ಲ.

ಹೊರಗೆ ಬಂದು ಟೀ ಕುಡಿಯುವಾಗ ಅಜ್ಜಿ ಹೇಳಿದರು: "ಅವನ ಸಂಕಟ ನಿಜ. ಒಳ್ಳೆಯ ಸಿನಿಮಾ. ಆದರೆ ಕೆಳಗೆ ಇದ್ದವರು ನಾವು." ಬೈಯಲಿಲ್ಲ, ಹೊಗಳಲೂ ಇಲ್ಲ. ಏಳು ಪ್ರಶಸ್ತಿಗಳ ಪೂರ್ತಿ ತೂಕ ಹಾಕಿದ ಮಾತು ಅದೆನಿಸಿತು ನನಗೆ.

'ಓಪನ್‌ಹೈಮರ್' ನಿರ್ದೇಶಕ ನೋಲನ್ ಜೊತೆ ನಡೆಸಿದ ಮಾತುಕತೆಯಲ್ಲಿ ಯಾಮಾಝಾಕಿ, ಈ ಚಿತ್ರಕ್ಕೆ ಜಪಾನ್ ಕಡೆಯಿಂದ ಒಂದು ಉತ್ತರ ಚಿತ್ರ ಬರಬೇಕು ಎಂದಿದ್ದಾರೆ ಎಂದು ಹೇಳಿದೆ. ಅಜ್ಜಿಗೆ ಅದು ಗೊತ್ತಿತ್ತು.

"ಮಾಡಲಿ," ಎಂದರು. "ಅಮೆರಿಕದಲ್ಲಿ ಗೆಲ್ಲಲಿ, ಬಿಡಲಿ. ಮೊದಲು ಇಲ್ಲಿ ತೋರಿಸಲಿ."